ಮಕ್ಕಳ ನಡೆಗೆ ತಕ್ಕಂತೆ

(ಧ್ಯಾನಕ್ಕಾಗಿ ಓದತಕ್ಕ ವೇದಭಾಗ: ಆದಿಕಾಂಡ 33ನೆಯ ಅಧ್ಯಾಯ, 12ರಿಂದ 20ನೆಯ ವಚನಗಳು)



ಸುಗ್ಗಿ ಮುಗಿದು ಕಣವು ಬರಿದಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಲೆಕ್ಕ ನೋಡುವ ಕಾಲವು ಬರುತ್ತದೆ. ಬೆಳೆ ಕೈಗೆ ಹತ್ತದವನು, ಕೊಳವೆಬಾವಿಗೆ ಸಾಲಮಾಡಿ ನೀರು ಕಾಣದವನು, ರೋಗದ ನಿಮಿತ್ತ ಇದ್ದದ್ದನ್ನೆಲ್ಲಾ ವೆಚ್ಚಮಾಡಿದವನು, ಗಂಡನನ್ನು ಮಣ್ಣಿಗೆ ಒಪ್ಪಿಸಿದ ವಿಧವೆ, ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟವನು, ಇವರೆಲ್ಲರೂ ರಾತ್ರಿ ದೀಪ ಆರಿಸಿದ ಮೇಲೆ ಒಂದೇ ಮಾತನ್ನು ಮೆಲ್ಲಗೆ ಆಡುವದುಂಟು. ಅದೇನಂದರೆ, ಈ ಮನೆಯನ್ನು ಮಾರಿಬಿಡೋಣವೇ ಎಂಬದು. ಮಕ್ಕಳು ನಿದ್ರಿಸಿದ್ದಾರೆಂದು ತಂದೆತಾಯಿಗಳು ನೆನಸುತ್ತಾರೆ. ಆದರೆ ಕಂಬಳಿಯೊಳಗೆ ಕಣ್ಣು ತೆರೆದುಕೊಂಡು ಮಲಗಿರುವ ಮಗುವೊಂದು ಆ ಮಾತನ್ನು ಕೇಳುತ್ತಾ ಇರುತ್ತದೆ.

ಮರುದಿನ ದಲ್ಲಾಳಿಯು ಬರುತ್ತಾನೆ. ಬೆಲೆ ಎಷ್ಟು, ಚೆಕ್ಕುಬಂದಿ ಏನು, ಕಾಗದಪತ್ರಗಳು ಸರಿಯಾಗಿವೆಯೋ ಎಂದು ವಿಚಾರಿಸುತ್ತಾನೆ. ಕೊಳ್ಳುವವನು ಬಂದು ಗೋಡೆಯನ್ನು ತಟ್ಟಿ ನೋಡುತ್ತಾನೆ. ನೆಂಟರು ಬಂದು, ಇಷ್ಟು ಕಡಿಮೆಗೆ ಕೊಡಬೇಡ ಎನ್ನುತ್ತಾರೆ. ತೊಟ್ಟಿಲಲ್ಲಿರುವ ಕೂಸಿಗೂ ಶಾಲೆಗೆ ಹೋಗುವ ಹುಡುಗಿಗೂ ಇದರಿಂದ ಏನಾಗುವದು ಎಂದು ಮಾತ್ರ ಯಾರೂ ಕೇಳುವದಿಲ್ಲ. ಈ ತಿಂಗಳು ನಾವು ಅದೇ ಪ್ರಶ್ನೆಯನ್ನು ದೇವರ ಸನ್ನಿಧಿಯಲ್ಲಿ ಕೇಳೋಣ.

ಯಾಕೋಬನು ತನ್ನ ಮಾವನಾದ ಲಾಬಾನನ ಬಳಿಯಲ್ಲಿ ಇಪ್ಪತ್ತು ವರುಷ ದುಡಿದು, ನೆಲೆಯನ್ನು ಬಿಟ್ಟು, ಹೆಂಡಿರು ಮಕ್ಕಳನ್ನೂ ದನಕುರಿಗಳನ್ನೂ ಕರಕೊಂಡು ಹೊರಟನು. ದಾರಿಯಲ್ಲಿ ಅವನ ಅಣ್ಣನಾದ ಏಸಾವನು ನಾನೂರು ಮಂದಿಯೊಡನೆ ಎದುರಿಗೆ ಬಂದನು. ಇಬ್ಬರೂ ಅಪ್ಪಿಕೊಂಡು ಅತ್ತರು. ಆಮೇಲೆ ಏಸಾವನು, ನಡೆ, ಕೂಡಿ ಹೋಗೋಣ ಎಂದು ಅವಸರಪಡಿಸಿದನು. ಆಗ ಯಾಕೋಬನು ಕೊಟ್ಟ ಉತ್ತರವನ್ನು ಚೆನ್ನಾಗಿ ಗಮನಿಸಿರಿ. ಮಕ್ಕಳು ಎಳೆಯವರೆಂದೂ, ಮಂದೆಯಲ್ಲಿ ಹಾಲೂಡಿಸುವ ಕುರಿಗಳಿವೆಯೆಂದೂ, ಒಂದು ದಿನ ಬಲವಂತದಿಂದ ಓಡಿಸಿದರೂ ಮಂದೆಯು ಸತ್ತುಹೋಗುವದೆಂದೂ ಅವನು ಬಿನ್ನಹಮಾಡಿದನು. ತಾನು ಮಂದೆಯ ನಡೆಗೂ ಮಕ್ಕಳ ನಡೆಗೂ ತಕ್ಕಂತೆ ಮೆಲ್ಲಗೆ ಬರುವೆನೆಂದು ಹೇಳಿ ಅಣ್ಣನನ್ನು ಮುಂದೆ ಕಳುಹಿಸಿದನು. ಬೆಂಗಾವಲಿಗೆ ಜನರನ್ನು ಬಿಟ್ಟುಹೋಗುವೆನೆಂದಾಗಲೂ ಬೇಡವೆಂದನು.

ಮನೆ ಮಾರುವವನ ಬಾಗಲಿಗೆ ಇಂದಿಗೂ ಅನೇಕ ಏಸಾವರು ಬರುತ್ತಾರೆ. ಸಾಲಕೊಟ್ಟವನು ಈ ವಾರದೊಳಗೆ ಹಣ ಬೇಕೆನ್ನುತ್ತಾನೆ. ಕೊಳ್ಳುವವನು ನಾಳೆಯೇ ನೋಂದಣಿಯಾಗಲಿ ಎನ್ನುತ್ತಾನೆ. ಇವರೆಲ್ಲರೂ ಕೆಟ್ಟವರೆಂದು ನಾವು ಹೇಳುವದಿಲ್ಲ. ಏಸಾವನು ಆ ದಿನ ಪ್ರೀತಿಯಿಂದಲೇ ಕರೆದನು. ಆದರೂ ಅವರ ನಡೆ ಬೇರೆ, ಮಕ್ಕಳ ನಡೆ ಬೇರೆ. ಕುಟುಂಬದ ಯಜಮಾನನು ಯಾರ ನಡೆಗೆ ತಕ್ಕಂತೆ ನಡೆಯಬೇಕೆಂಬದನ್ನು ಯಾಕೋಬನು ನಮಗೆ ಕಲಿಸುತ್ತಾನೆ.

ಮನೆ ಮಾರುವದು ಪಾಪವೋ ಎಂದು ಕೆಲವರು ಮನಸ್ಸಿನಲ್ಲಿ ನೊಂದುಕೊಳ್ಳುತ್ತಾರೆ. ಅಂಥವರಿಗೆ ಸಮಾಧಾನ ಹೇಳುತ್ತೇವೆ. ಅಬ್ರಹಾಮನು ತಂದೆಯ ಮನೆಯನ್ನು ಬಿಟ್ಟು ಹೊರಟನು. ಬಾರ್ನಬನು ತನ್ನ ಹೊಲವನ್ನು ಮಾರಿ ಹಣವನ್ನು ಬಡವರಿಗಾಗಿ ಅಪೊಸ್ತಲರ ಪಾದಗಳ ಬಳಿಯಲ್ಲಿ ಇಟ್ಟನು. ನಾಬೋತನಾದರೋ ಅರಸನು ಕೇಳಿದರೂ ಪಿತ್ರಾರ್ಜಿತವಾದ ದ್ರಾಕ್ಷೇತೋಟವನ್ನು ಕೊಡಲಿಲ್ಲ. ದೇವರು ಈ ಮೂವರನ್ನೂ ನಿಂದಿಸಲಿಲ್ಲ. ಆದಕಾರಣ ಮಾರಿದವನು ಯಾರ ನಿಮಿತ್ತ ಮಾರಿದನು, ಆ ಮಾರಾಟದ ಭಾರವು ಯಾರ ಹೆಗಲ ಮೇಲೆ ಬಿತ್ತು ಎಂಬದನ್ನೇ ನಾವು ನೋಡಬೇಕು. ಇದನ್ನು ನಾಲ್ಕು ಭಾಗವಾಗಿ ವಿಚಾರಿಸೋಣ.

ಮೊದಲನೆಯದು, ಮಕ್ಕಳ ಪಾಲು.

ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಮನೆಗಳ ವಿಷಯವಾಗಿ ಒಂದು ನಿಯಮವನ್ನು ಕೊಟ್ಟನು. ಕೋಟೆಯುಳ್ಳ ಪಟ್ಟಣದಲ್ಲಿ ಮನೆಯನ್ನು ಮಾರಿದವನು ಒಂದು ವರುಷದೊಳಗೆ ಅದನ್ನು ಬಿಡಿಸಿಕೊಳ್ಳಬಹುದಾಗಿತ್ತು. ಆ ಮೇಲೆ ಅದು ಕೊಂಡವನಿಗೇ ಸೇರಿತು. ಆದರೆ ಗೋಡೆಯಿಲ್ಲದ ಹಳ್ಳಿಯ ಮನೆಯನ್ನು ಹೊಲದಂತೆ ಎಣಿಸಬೇಕಾಗಿತ್ತು. ಅದನ್ನು ಯಾವಾಗಲಾದರೂ ಬಿಡಿಸಿಕೊಳ್ಳಬಹುದಾಗಿತ್ತು. ಐವತ್ತನೆಯ ವರುಷವಾದ ಜೂಬಿಲಿಯಲ್ಲಿ ಅದು ಮೊದಲಿನ ಕುಟುಂಬಕ್ಕೆ ತಾನಾಗಿ ಹಿಂದಿರುಗುತ್ತಿತ್ತು. ತಂದೆಯು ಕಷ್ಟದಲ್ಲಿ ಮಾರಿದ್ದರಿಂದ ಮಕ್ಕಳು ಎಂದೆಂದಿಗೂ ನೆಲೆಯಿಲ್ಲದವರಾಗಬಾರದೆಂಬದು ದೇವರ ಚಿತ್ತವಾಗಿತ್ತು. ಹಳ್ಳಿಯ ಮನೆಯ ಮೇಲೆ ದೇವರಿಗೆ ಇಂಥ ಕನಿಕರವಿತ್ತು, ನೋಡಿರಿ!

ನಮ್ಮ ದೇಶದಲ್ಲಿ ಜೂಬಿಲಿಯಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರವು ದಾಖಲಾದ ಮೇಲೆ ಮನೆಯು ಹೋಯಿತೆಂದೇ ತಿಳಿಯಬೇಕು. ಆದರೂ ಮಕ್ಕಳ ಪಾಲನ್ನು ಕಾಯುವ ಕಾನೂನು ಇದೆ. ಅದನ್ನು ನಮ್ಮ ಸಭೆಗಳವರು ತಿಳಿದಿರಬೇಕು. ಹೇಗಂದರೆ, ಮರಣಪತ್ರ ಬರೆಯದೆ ತಂದೆಯು ತೀರಿಹೋದರೆ, 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ ಕ್ರೈಸ್ತ ಕುಟುಂಬದಲ್ಲಿ ಅವನ ಆಸ್ತಿಯ ಮೂರರಲ್ಲಿ ಒಂದು ಪಾಲು ವಿಧವೆಗೂ ಉಳಿದ ಎರಡು ಪಾಲು ಮಕ್ಕಳಿಗೂ ಸೇರುತ್ತದೆ. ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲರಿಗೂ ಸಮವೇ. ಒಂದು ಮನೆಗೆ 9 ಲಕ್ಷ ರೂಪಾಯಿ ಬೆಲೆ ಬರುತ್ತದೆ, ತಾಯಿಯೂ ಮೂವರು ಮಕ್ಕಳೂ ಇದ್ದಾರೆ ಎಂದು ಭಾವಿಸಿರಿ. ತಾಯಿಯದು 3 ಲಕ್ಷ. ಪ್ರತಿ ಮಗುವಿನದು 2 ಲಕ್ಷ. ತೊಟ್ಟಿಲಲ್ಲಿರುವ ಹೆಣ್ಣುಕೂಸಿನದೂ 2 ಲಕ್ಷವೇ.

ಆ ಮಕ್ಕಳು 18 ವರುಷ ತುಂಬದವರಾಗಿದ್ದರೆ, ತಾಯಿಯು ತನ್ನ ಒಂದೇ ಸಹಿಯಿಂದ ಅವರ ಪಾಲನ್ನು ಮಾರಲಾಗದು. 1890ನೆಯ ಇಸವಿಯ ಪೋಷಕರು ಮತ್ತು ಪಾಲ್ಯರ ಕಾನೂನಿನ ಮೇರೆಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿಮಾಡಿ ಅಪ್ಪಣೆ ಪಡೆಯಬೇಕು. ಮಾರುವ ಅಗತ್ಯವಿದೆಯೋ, ಅಥವಾ ಅದರಿಂದ ಮಗುವಿಗೆ ಸ್ಪಷ್ಟವಾದ ಪ್ರಯೋಜನವಿದೆಯೋ ಎಂದು ನ್ಯಾಯಾಧೀಶರು ನೋಡುತ್ತಾರೆ. ಅಪ್ಪಣೆಯಿಲ್ಲದೆ ಮಾರಿದರೆ, ಆ ಮಗು ಪ್ರಾಯಕ್ಕೆ ಬಂದ ಮೇಲೆ ಆ ಮಾರಾಟವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆಗ ಕೊಂಡವನಿಗೂ ಕಷ್ಟ, ತಾಯಿಮಕ್ಕಳ ನಡುವೆಯೂ ವ್ಯಾಜ್ಯ. ಕೋರ್ಟೆಂದರೆ ವಕೀಲರ ಖರ್ಚೆಂದು ಹೆದರಬೇಡಿರಿ. 1987ನೆಯ ಇಸವಿಯ ಕಾನೂನು ಸೇವೆಗಳ ಶಾಸನದ ಪ್ರಕಾರ ಸ್ತ್ರೀಯರೂ ಮಕ್ಕಳೂ ಹಣ ತೆರದೆ ವಕೀಲರ ಸಹಾಯ ಪಡೆಯಬಹುದು. ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ಶೂನೇಮ್ ಊರಿನ ಸ್ತ್ರೀಯು ಏಳು ವರುಷಗಳ ಬರದ ಕಾಲವನ್ನು ಪರದೇಶದಲ್ಲಿ ಕಳೆದು ಹಿಂದಿರುಗಿದಾಗ, ಮಗನನ್ನು ಜೊತೆಯಲ್ಲಿ ಕರಕೊಂಡು ತನ್ನ ಮನೆಗಾಗಿಯೂ ಹೊಲಕ್ಕಾಗಿಯೂ ಅರಸನ ಮುಂದೆಯೇ ಮೊರೆಯಿಟ್ಟಳು; ಅರಸನು ಅವನ್ನು ಅವಳಿಗೆ ಹಿಂದಕ್ಕೆ ಕೊಡಿಸಿದನು. ಮಕ್ಕಳ ಪಾಲಿಗಾಗಿ ನ್ಯಾಯಸ್ಥಾನಕ್ಕೆ ಹೋಗುವದು ಭಕ್ತೆಯಾದ ತಾಯಿಗೆ ಅವಮಾನವಲ್ಲ.

ತಂದೆಯು ಬದುಕಿದ್ದು ಮನೆಯು ಅವನ ಸ್ವಂತ ಹೆಸರಿನಲ್ಲಿದ್ದರೆ ಸಂಗತಿಯು ಬೇರೆ. ನಮ್ಮಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಆಸ್ತಿಯಲ್ಲಿ ಪಾಲು ಬರುವದಿಲ್ಲ. ಅವನು ಯಾರನ್ನೂ ಕೇಳದೆ ಮಾರಬಹುದು. ಸಹೋದರರೇ, ಇಲ್ಲಿಯೇ ಎಚ್ಚರವಾಗಿರಬೇಕು. ಕಾನೂನು ಸುಮ್ಮನಿರುವ ಕಡೆಯಲ್ಲಿ ಮನಸ್ಸಾಕ್ಷಿಯು ಮಾತಾಡಬೇಕು. ನಮ್ಮ ಹಿರಿಯರಲ್ಲಿ ಅನೇಕರು ಕ್ರಿಸ್ತನನ್ನು ಒಪ್ಪಿದ ದಿನವೇ ತಂದೆಯ ಮನೆಯಿಂದ ಹೊರಗೆ ಬಿದ್ದರು. ಮತಾಂತರದ ನಿಮಿತ್ತ ಯಾರೂ ಪಿತ್ರಾರ್ಜಿತವನ್ನು ಕಳಕೊಳ್ಳಬಾರದೆಂದು 1850ನೆಯ ಇಸವಿಯಲ್ಲಿ 21ನೆಯ ಕಾನೂನು ಹುಟ್ಟಿತು. ಸೂರಿಲ್ಲದ ಕಷ್ಟವನ್ನು ಅರಿತ ಹಿರಿಯರ ಸಂತಾನವಾದ ನಾವು ನಮ್ಮ ಮಕ್ಕಳ ಸೂರನ್ನು ಹಗುರವಾಗಿ ಎಣಿಸಬಹುದೋ? ಹೆಂಡತಿಗೆ ತಿಳಿಸದೆ ಸಂಚಕಾರ ತೆಗೆದುಕೊಂಡ ಗಂಡನು, ಕುಡಿತಕ್ಕೂ ಜೂಜಿಗೂ ಮನೆಯನ್ನು ಒತ್ತೆಯಿಟ್ಟ ತಂದೆಯು, ಕಾನೂನಿನ ಮುಂದೆ ತಪ್ಪಿಸಿಕೊಂಡರೂ ಮಕ್ಕಳ ತಂದೆಯಾದ ದೇವರ ಮುಂದೆ ಏನು ಹೇಳುವನು?

ಎರಡನೆಯದು, ಬಂದ ಹಣ.

ಪ್ರವಾದಿಗಳ ಶಿಷ್ಯನೊಬ್ಬನು ಸಾಲಮಾಡಿ ಸತ್ತನು. ಸಾಲಕೊಟ್ಟವನು ಅವನ ಇಬ್ಬರು ಹುಡುಗರನ್ನು ದಾಸರನ್ನಾಗಿ ಒಯ್ಯಲು ಬಂದನು. ತಾಯಿಯು ಎಲೀಷನ ಬಳಿಗೆ ಹೋಗಿ ಅತ್ತಳು. ಪ್ರವಾದಿಯು ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಎಂಬದನ್ನೇ. ಒಂದು ಮೊಗೆ ಎಣ್ಣೆಯಿತ್ತು. ನೆರೆಯವರಿಂದ ಪಾತ್ರೆಗಳನ್ನು ಎರವು ತಂದು ತುಂಬಿಸಿದಳು. ಹುಡುಗರೇ ಪಾತ್ರೆಗಳನ್ನು ಎತ್ತಿಕೊಟ್ಟರು. ಆ ಎಣ್ಣೆಯನ್ನು ಮಾರಿ ಸಾಲ ತೀರಿಸಿ, ಉಳಿದದ್ದರಿಂದ ಮಕ್ಕಳೊಡನೆ ಜೀವನ ಮಾಡೆಂದು ಪ್ರವಾದಿಯು ಹೇಳಿದನು.

ಇದರಿಂದ ಎರಡು ಮಾತು ಕಲಿಯೋಣ. ಮನೆಯನ್ನು ಮಾರುವದಕ್ಕೆ ಮೊದಲು ಮನೆಯಲ್ಲಿ ಮತ್ತೇನಿದೆಯೆಂದು ನೋಡಿರಿ. ಒಂದು ಎಮ್ಮೆಯನ್ನೋ ಹಿತ್ತಲಿನ ಮರವನ್ನೋ ಮಾರಿದರೆ ಸಾಲವು ಕುಗ್ಗುವದೋ? ಕೊಟ್ಟವನು ಕಂತು ಮಾಡಿಕೊಡುವನೋ? ಬೆದರಿಕೆಗೆ ಅಂಜಿ ಮಾತ್ರ ಮಾರಬೇಡಿರಿ. ಕಿರುಸಾಲ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ಶಿಕ್ಷಾರ್ಹ ಮಾಡಿ ಕರ್ನಾಟಕ ಸರಕಾರವು 2025ನೆಯ ಇಸವಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅಂಥ ಕಾಟವಾದರೆ ಪೊಲೀಸ್ ಠಾಣೆಗೆ ತಿಳಿಸಿರಿ.

ಮತ್ತು, ಮಾರಲೇಬೇಕಾದರೆ ಬಂದ ಹಣವನ್ನು ಆ ವಿಧವೆಯಂತೆ ಎರಡು ಚೀಲದಲ್ಲಿ ಇಡಿರಿ. ಒಂದು ಸಾಲಕ್ಕೆ, ಮತ್ತೊಂದು ಮಕ್ಕಳ ಜೀವನಕ್ಕೆ. ಎರಡನೆಯ ಚೀಲಕ್ಕೆ ಮದುವೆಯ ಆಡಂಬರವಾಗಲಿ ಹೊಸ ಗಾಡಿಯಾಗಲಿ ಕೈ ಹಾಕಬಾರದು. ಹಣವು ಕೈಯಲ್ಲಿದ್ದರೆ ನೆಂಟರೂ ಹೆಚ್ಚುತ್ತಾರೆ, ಖರ್ಚೂ ಹೆಚ್ಚುತ್ತದೆ. ಆದದರಿಂದ ಮಕ್ಕಳ ಹೆಸರಿನಲ್ಲಿ ಬ್ಯಾಂಕಿನಲ್ಲಿಯೋ ಅಂಚೆಕಚೇರಿಯಲ್ಲಿಯೋ ಠೇವಣಿಯಿಡಿರಿ. ಹತ್ತು ವರುಷ ತುಂಬದ ಹೆಣ್ಣುಮಗುವಿದ್ದರೆ, 2015ನೆಯ ಇಸವಿಯಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆಕಚೇರಿಯಲ್ಲಿ ತೆರೆಯಬಹುದು.

ಬೆಲೆಯ ವಿಷಯದಲ್ಲಿಯೂ ಸತ್ಯವಂತರಾಗಿರ್ರಿ. ಕೊಟ್ಟದ್ದು ಒಂದು, ಕ್ರಯಪತ್ರದಲ್ಲಿ ಬರೆಯುವದು ಇನ್ನೊಂದು ಎಂಬ ರೂಢಿಯು ಲೋಕದಲ್ಲಿದೆ. ಅನನೀಯನೂ ಸಪ್ಫೈರಳೂ ಭೂಮಿ ಮಾರಿದ್ದರಿಂದ ಸಾಯಲಿಲ್ಲ. ಬೆಲೆಯ ವಿಷಯದಲ್ಲಿ ಸುಳ್ಳಾಡಿದ್ದರಿಂದ ಸತ್ತರು. ಕೊಳ್ಳುವವನು ಮನೆ ನೋಡಲು ಬಂದಾಗ, ಮಳೆಗಾಲದಲ್ಲಿ ಈ ಮೂಲೆ ಸೋರುತ್ತದೆ ಎಂದು ಚಿಕ್ಕ ಹುಡುಗನು ಹೇಳಿಬಿಡುತ್ತಾನೆ. ತಂದೆಯು ಅವನು ಹೋದ ಮೇಲೆ ಹುಡುಗನ ಬೆನ್ನಿಗೆ ಗುದ್ದುತ್ತಾನೆ. ಪ್ರಿಯರೇ, ಆ ಗುದ್ದಿನಿಂದ ಹುಡುಗನು ಏನು ಕಲಿತನು? ಭಾನುವಾರದ ಶಾಲೆಯಲ್ಲಿ ಕಲಿತ ಸತ್ಯವು ಮಾರಾಟದ ದಿನ ನಡೆಯುವದಿಲ್ಲವೆಂದು ಕಲಿತನು. ಸೋರುವ ಮೂಲೆಗಾಗಿ ಕೆಲವು ಸಾವಿರ ಕಡಿಮೆಯಾದರೆ ಆಗಲಿ. ಹುಡುಗನ ನಾಲಿಗೆಯಲ್ಲಿ ಸತ್ಯವು ಉಳಿಯಲಿ.

ಮೂರನೆಯದು, ಮಕ್ಕಳ ಮನಸ್ಸು.

ದೊಡ್ಡವರಿಗೆ ಮನೆಯು ಆಸ್ತಿ. ಮಗುವಿಗೋ ಅದೇ ಲೋಕ. ತೊಟ್ಟಿಲು ಕಟ್ಟಿದ ತೊಲೆ, ಅಜ್ಜಿ ಕೂತುಕೊಳ್ಳುತ್ತಿದ್ದ ಪಡಸಾಲೆ, ಕೊಟ್ಟಿಗೆಯಲ್ಲಿ ಹುಟ್ಟಿದ ಕರು, ಎಡವದೆ ದಾಟಲು ಕಲಿತ ಹೊಸ್ತಿಲು, ಇವುಗಳಿಂದಲೇ ಅದು ತನ್ನನ್ನು ತಾನು ಅರಿತುಕೊಂಡಿದೆ. ಅದನ್ನು ಏನೂ ಹೇಳದೆ ಒಂದು ಬೆಳಿಗ್ಗೆ ಗಾಡಿಯಲ್ಲಿ ಹತ್ತಿಸಿ ಕೊಂಡೊಯ್ದರೆ, ಹಾಲು ಬಿಟ್ಟೀತು, ರಾತ್ರಿ ಬೆಚ್ಚಿಬಿದ್ದೀತು, ತಾಯಿಯ ಸೆರಗನ್ನು ಬಿಡದೆ ಹೋದೀತು. ಹಟವೆಂದು ಹೊಡೆಯಬೇಡಿರಿ, ಅದು ಹಟವಲ್ಲ, ದುಃಖ.

ಹಬ್ಬಕ್ಕೆ ಹೋಗಿಬರೋಣ ಎಂದು ಸುಳ್ಳು ಹೇಳಿ ಕರಕೊಂಡು ಹೋಗಬೇಡಿರಿ. ಸರಳವಾಗಿ ಸತ್ಯವನ್ನು ಹೇಳಿರಿ: ನಾವು ಈ ಮನೆಯನ್ನು ಬೇರೆಯವರಿಗೆ ಕೊಡುತ್ತೇವೆ, ಹೊಸ ಮನೆಗೆ ಅಪ್ಪ ಅವ್ವ ನೀನು ತಮ್ಮ ಎಲ್ಲರೂ ಕೂಡಿಯೇ ಹೋಗುತ್ತೇವೆ. ಎಲ್ಲರೂ ಕೂಡಿ ಎಂಬ ಮಾತೇ ಮಗುವಿಗೆ ಬೇಕಾದದ್ದು. ಯಾರ ಸಾಲ, ಯಾರ ತಪ್ಪು ಎಂಬ ಜಗಳವನ್ನು ಅದರ ಕಿವಿಗೆ ಹಾಕಬೇಡಿರಿ. ಹೊರಡುವ ಮುಂಚೆ ಬಾವಿಯನ್ನೂ ಮರವನ್ನೂ ಗೆಳೆಯರನ್ನೂ ನೋಡಿಬರಲು ಬಿಡಿರಿ. ಆ ಎಲೀಷನ ಕಾಲದ ಹುಡುಗರು ಪಾತ್ರೆ ಎತ್ತಿಕೊಟ್ಟಂತೆ, ನಿಮ್ಮ ಮಕ್ಕಳಿಗೂ ಕಟ್ಟುವ ಗಂಟಿನಲ್ಲಿ ಒಂದು ಚಿಕ್ಕ ಕೆಲಸ ಕೊಡಿರಿ. ಹಳೆಯ ಕೌದಿಯನ್ನು ಬಿಸಾಡಬೇಡಿರಿ; ಹೊಸ ಸೂರಿನ ಕೆಳಗೆ ಮೊದಲ ರಾತ್ರಿ ಅದೇ ವಾಸನೆಯ ಕೌದಿಯಲ್ಲಿ ಮಗು ನಿದ್ರಿಸಲಿ.

ಕಾಲವನ್ನೂ ಮಕ್ಕಳ ನಡೆಗೆ ತಕ್ಕಂತೆ ಗೊತ್ತುಮಾಡಿರಿ. ಬಿಡಿಸಲಾಗದ ಅವಸರವಿಲ್ಲದಿದ್ದರೆ, ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ಮನೆ ಬಿಡುವ ಹಾಗೆ ಕರಾರು ಮಾಡಿಕೊಳ್ಳಿರಿ. ಮುಂದಿನ ಸೂರು ನಿಶ್ಚಯವಾಗದೆ ಕೀಲಿಕೈಯನ್ನು ಕೊಡಬೇಡಿರಿ. ವರುಷದ ನಡುವೆ ಹೋಗಬೇಕಾಗಿ ಬಂದರೆ ಮಗುವಿನ ಓದು ನಿಲ್ಲಬೇಕಾಗಿಲ್ಲ. 2009ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾನೂನಿನ ಪ್ರಕಾರ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಆ ಪತ್ರವು ತಡವಾಯಿತೆಂದು ಹೊಸ ಊರಿನ ಸರಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರಬಾರದು. ಕೂಸಿಗೆ ಚುಚ್ಚುಮದ್ದು ಹಾಕಿಸಿದ ತಾಯಿ ಕಾರ್ಡನ್ನೂ ಜನನ ಪ್ರಮಾಣಪತ್ರವನ್ನೂ ರೇಷನ್ ಕಾರ್ಡನ್ನೂ ಸತ್ಯವೇದದ ಜೊತೆಯಲ್ಲಿ ಒಂದೇ ಚೀಲದಲ್ಲಿಟ್ಟು ತಾಯಿಯೇ ಹಿಡಿದುಕೊಳ್ಳಲಿ. ಹೊಸ ಊರಿನ ಅಂಗನವಾಡಿಗೂ ಸಭೆಗೂ ಮೊದಲ ವಾರದಲ್ಲಿಯೇ ಹೆಸರು ಕೊಡಿರಿ.

ನಾಲ್ಕನೆಯದು, ಸಭೆಯ ಕರ್ತವ್ಯ.

ನೆಹೆಮೀಯನ ಕಾಲದಲ್ಲಿ ಜನರು ಬರದ ನಿಮಿತ್ತ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟು ಧಾನ್ಯ ತಂದರು. ಕೊನೆಗೆ ಮಕ್ಕಳನ್ನೂ ದಾಸತ್ವಕ್ಕೆ ಒಪ್ಪಿಸಬೇಕಾಯಿತು. ಅವರನ್ನು ಹಿಂಡಿದವರು ಪರದೇಶಸ್ಥರಲ್ಲ, ಅವರ ಸ್ವಂತ ಸಹೋದರರೇ. ನೆಹೆಮೀಯನು ಬಡವರನ್ನು ಗದರಿಸಲಿಲ್ಲ. ಬಡ್ಡಿ ತೆಗೆದ ದೊಡ್ಡವರನ್ನು ಸಭೆಯ ಮುಂದೆ ನಿಲ್ಲಿಸಿ, ಹೊಲಮನೆಗಳನ್ನು ಆ ದಿನವೇ ಹಿಂದಕ್ಕೆ ಕೊಡಿರೆಂದು ಆಣೆ ಮಾಡಿಸಿದನು.

ನಮ್ಮಲ್ಲಿಯೂ ಇದು ನಡೆಯುವದುಂಟು. ಪಕ್ಕದ ಬೆಂಚಿನಲ್ಲಿ ಕೂತು ಹಾಡುವವನ ಕಷ್ಟವು ತಿಳಿದ ಕೂಡಲೆ, ಅರ್ಧ ಬೆಲೆಗೆ ಅವನ ಮನೆಯನ್ನು ಹೊಡೆಯಲು ಕಾಯುವವರು ಉಂಟು. ಅಂಥವರು ಕರ್ತನ ಭೋಜನಕ್ಕೆ ಬರುವ ಮುಂಚೆ ನೆಹೆಮೀಯನ 5ನೆಯ ಅಧ್ಯಾಯವನ್ನು ಓದಲಿ. ಸಭೆಯ ಹಿರಿಯರು ಇಂಥ ಕುಟುಂಬದ ಬಳಿಗೆ ಹೋಗಿ ಕಾಗದಗಳನ್ನು ಓದಿಕೊಡಬೇಕು. ವಕೀಲರ ಬಳಿಗೆ ಜೊತೆಯಲ್ಲಿ ಹೋಗಬೇಕು. ಓದು ಬಾರದ ತಾಯಿಯು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತದಂತೆ ನೋಡಿಕೊಳ್ಳಬೇಕು. ನೆರೆಯ ಅಕ್ಕತಂಗಿಯರು ಸಾಮಾನು ಕಟ್ಟುವ ಎರಡು ದಿನ ಆ ಮನೆಯ ಕೂಸುಗಳನ್ನು ನೋಡಿಕೊಂಡು ರೊಟ್ಟಿ ಬುತ್ತಿ ಕಟ್ಟಿಕೊಡಲಿ. ಎಣ್ಣೆಯ ಅದ್ಭುತದಲ್ಲಿ ಪಾತ್ರೆಗಳು ನೆರೆಯವರದೇ ಆಗಿದ್ದವೆಂಬದನ್ನು ಮರೆಯಬೇಡಿರಿ.

ಯಾಕೋಬನ ದಾರಿಯು ಎಲ್ಲಿ ಮುಗಿಯಿತು? ಮೆಲ್ಲಗೆ ನಡೆದವನು ಸುಕ್ಕೋತಿಗೆ ಬಂದು ತನಗೊಂದು ಮನೆಯನ್ನು ಕಟ್ಟಿಕೊಂಡನು. ದನಗಳಿಗೂ ಹಂದರಗಳನ್ನು ಹಾಕಿದನು. ಬಳಿಕ ಶೆಕೆಮಿನ ಬಳಿಯಲ್ಲಿ ಡೇರೆ ಹಾಕಿದ ಭೂಮಿಯನ್ನು ನೂರು ನಾಣ್ಯ ತೆತ್ತು ಕೊಂಡು, ಅಲ್ಲಿ ಯಜ್ಞವೇದಿಯನ್ನು ಕಟ್ಟಿದನು. ಅವನು ಒಂದು ನೆಲೆಯನ್ನು ಬಿಟ್ಟು ಬಂದಿದ್ದನು. ಆದರೂ ದಾರಿಯಲ್ಲಿ ಒಂದು ಮಗುವನ್ನೂ ಕಳಕೊಳ್ಳಲಿಲ್ಲ. ಅವನ ದೇವರು ಹಳೆಯ ಊರಿನ ಗೋಡೆಗಳೊಳಗೆ ಹಿಂದುಳಿಯಲಿಲ್ಲ. ಡೇರೆಯೊಡನೆ ನಡೆದು ಬಂದನು.

ಮನೆ ಮಾರಿ ಬಾಡಿಗೆಯ ಕೋಣೆಗೆ ಬಂದಿರುವ ತಂದೆತಾಯಿಗಳೇ, ನೀವು ನಿಮ್ಮ ಮಕ್ಕಳಿಗೆ ಕೊಡಬೇಕಾದದ್ದನ್ನೆಲ್ಲಾ ಕಳಕೊಂಡಿಲ್ಲ. ಗಂಟುಗಳನ್ನು ಬಿಚ್ಚುವ ಮೊದಲು ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು, ಹಳೆಯ ಮನೆಯಲ್ಲಿ ಮಾಡುತ್ತಿದ್ದ ಅದೇ ಹೊತ್ತಿನಲ್ಲಿ ಅದೇ ಪ್ರಾರ್ಥನೆಯನ್ನು ಮಾಡಿರಿ. ಗೋಡೆ ಬೇರೆಯಾದರೂ ಮನೆಯವರು ಅವರೇ ಎಂಬದು ಆಗ ಚಿಕ್ಕವರಿಗೆ ತಿಳಿಯುವದು.

ಎಳೆಯ ಮಕ್ಕಳನ್ನು ಹೊತ್ತು ನಡಿಸುವ ಕರ್ತನೇ, ಈ ವರುಷ ಮನೆ ಬಿಡಬೇಕಾಗಿರುವ ನಮ್ಮ ಕುಟುಂಬಗಳನ್ನು ಜ್ಞಾಪಕಮಾಡಿಕೋ. ತಂದೆಗಳಿಗೆ ಸತ್ಯವನ್ನೂ ತಾಯಂದಿರಿಗೆ ಧೈರ್ಯವನ್ನೂ ಸಭೆಗೆ ಕನಿಕರವನ್ನೂ ಕೊಡು. ಚಿಕ್ಕವರ ಪಾಲನ್ನು ನೀನೇ ಕಾಪಾಡು. ಆಮೆನ್.